ಸಹಿ ಹಾಕುವ ಮುಂಚೆ ಒಮ್ಮೆ ವೋಲ್ಟೇಜ್ ನೋಡಿ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವನಿಗೆ ಒಂದು ಚಟ ಅಂಟಿಕೊಂಡುಬಿಡುತ್ತದೆ. ಎದುರಿಗೆ ಯಾವ ಕಾಗದ ಬಂದರೂ ಮೊದಲು ಕೆಳಗಿನ ಮೊತ್ತ ನೋಡುವುದು, ಆಮೇಲೆ ಮೇಲಿನ ಸಾಲುಗಳನ್ನು ಕೂಡಿಸಿದರೆ ಆ ಮೊತ್ತ ಬರುತ್ತದೋ ಇಲ್ಲವೋ ಎಂದು ನೋಡುವುದು. ಹೋಟೆಲ್ ಬಿಲ್ಲನ್ನೂ ಬಿಡುವುದಿಲ್ಲ. ಹೆಂಡತಿ, ಮಕ್ಕಳು ನಾಚಿಕೆಯಿಂದ ಬೇರೆ ಕಡೆ ಮುಖ ತಿರುಗಿಸುತ್ತಾರೆ. ಅಂಥ ನಾನು ಕಳೆದ ಮಳೆಗಾಲದಲ್ಲಿ 5,200 ರೂಪಾಯಿಯ ಒಂದು ಬಿಲ್ಲಿಗೆ ಒಂದು ಪ್ರಶ್ನೆಯನ್ನೂ ಕೇಳದೆ ದುಡ್ಡು ಕೊಟ್ಟೆ. ಮತ್ತೆ ಮೂರು ವಾರಕ್ಕೆ 16,800 ರೂಪಾಯಿಯ ಇನ್ನೊಂದು ಎಸ್ಟಿಮೇಟಿಗೆ ಸಹಿ ಹಾಕಲು ಜೇಬಿನಿಂದ ಪೆನ್ನು ತೆಗೆದಿದ್ದೆ. ಎರಡೂ ನನ್ನ ಕಾರಿನ ಕರೆಂಟಿನ ವಿಷಯ. ಕರೆಂಟು ಅಂದ ಕೂಡಲೇ ನಮ್ಮಂಥವರ ಬುದ್ಧಿಗೆ ಬೀಗ ಬೀಳುತ್ತದೆ ನೋಡಿ, ಅದರ ಬಗ್ಗೆಯೇ ಈ ಬರಹ.

ಇದು ಸ್ವಲ್ಪ ಜಗಳದ ಬರಹ ಎಂದು ಮೊದಲೇ ಹೇಳಿಬಿಡುತ್ತೇನೆ. ಜಗಳ ಮೆಕ್ಯಾನಿಕ್ ಜೊತೆ ಮಾತ್ರ ಅಲ್ಲ, ನಮ್ಮ ಜೊತೆಗೂ.

ನಡೆದದ್ದು ಹೀಗೆ. ಡೊಂಬಿವಲಿಯ ನಮ್ಮ ಸೊಸೈಟಿಯ ಕೆಳಗೆ ನನ್ನದೊಂದು ಸಣ್ಣ ಪೆಟ್ರೋಲ್ ಕಾರು ಇದೆ. ಜೂನ್ ಕೊನೆಗೆ ಸೆಲ್ಫ್ ಹೊಡೆದರೆ ಎಂಜಿನ್ ನಿಧಾನವಾಗಿ, ಸೋಮಾರಿ ಎತ್ತಿನ ಹಾಗೆ ತಿರುಗಲು ಶುರುವಾಯಿತು. ಸರ್ವಿಸ್ ಸೆಂಟರಿಗೆ ಕೊಂಡೊಯ್ದೆ. 'ಬ್ಯಾಟರಿಗೆ ನಾಲ್ಕು ವರ್ಷ ಆಯ್ತಲ್ಲ ಸರ್, ಬದಲಿಸಿಬಿಡಿ' ಅಂದ ಅಡ್ವೈಸರ್ ಹುಡುಗ. ಬದಲಿಸಿದೆ. ಸರಿಯಾದಂತೆ ಕಂಡಿತು.

ಮೂರು ವಾರ ಕಳೆಯಿತು. ಒಂದು ರಾತ್ರಿ ಎರಡು ಗಂಟೆಗೆ ನಮ್ಮ ಅಮ್ಮನಿಗೆ ಉಸಿರು ಹತ್ತಿಕೊಂಡಿತು. ಎಂಬತ್ತರ ಮೇಲಿನ ಜೀವ, ಮೊದಲೇ ಉಬ್ಬಸ. ಹೊರಗೆ ಮುಂಬೈ ಮಳೆ ಹೇಗೆ ಬರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಅಮ್ಮನನ್ನು ಹಿಡಿದುಕೊಂಡು ಲಿಫ್ಟಿನಲ್ಲಿ ಕೆಳಗಿಳಿಸಿ, ಹಿಂದಿನ ಸೀಟಿನಲ್ಲಿ ಕೂರಿಸಿ ಕೀಲಿ ತಿರುಗಿಸಿದೆ. 'ಟಕ್'. ಇನ್ನೊಮ್ಮೆ ತಿರುಗಿಸಿದೆ. 'ಟಕ್'. ಅಷ್ಟೇ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಜಗಮಗ ಉರಿಯುತ್ತಿವೆ, ಎಂಜಿನ್ ಮಾತ್ರ ಅಲುಗುವುದಿಲ್ಲ. ಹಿಂದಿನಿಂದ ಅಮ್ಮ ಆ ಉಸಿರಾಟದ ನಡುವೆಯೂ 'ಇರ್ಲಿ ಮಗಾ, ಗಡಿಬಿಡಿ ಮಾಡ್ಬೇಡ' ಎನ್ನುತ್ತಿದ್ದಳು. ಮೂರನೇ ಮಹಡಿಯ ಗುಜರಾತಿ ದಂಪತಿಯನ್ನು ಎಬ್ಬಿಸಿ ಅವರ ಕಾರಿನಲ್ಲಿ ಆಸ್ಪತ್ರೆ ಸೇರಿದೆವು. ದೇವರ ದಯೆ, ನೆಬ್ಯುಲೈಸರ್ ಹಾಕಿ ಎರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಆದರೆ ಆ 'ಟಕ್' ಶಬ್ದ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಮರುದಿನ ಬೆಳಿಗ್ಗೆ ಏನೂ ಆಗದವರ ಹಾಗೆ ಕಾರು ಸ್ಟಾರ್ಟ್ ಆಯಿತು! ಸಿಟ್ಟಿನಲ್ಲೇ ಸರ್ವಿಸ್ ಸೆಂಟರಿಗೆ ಹೋದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಗೆ ಮೀಟರ್ ಹಿಡಿದರು. 13.1 ವೋಲ್ಟ್ ಬಂತು. 'ಚಾರ್ಜಿಂಗ್ ವೀಕ್ ಇದೆ ಸರ್, ಆಲ್ಟರ್ನೇಟರ್ ಹೋಗಿದೆ. ಲೇಬರ್ ಸೇರಿ 16,800.' ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟ.

ಸಹಿ ಯಾಕೆ ಹಾಕಲಿಲ್ಲ? ಬುದ್ಧಿವಂತಿಕೆಯಿಂದ ಅಂತ ಹೇಳಿಕೊಳ್ಳಲು ಆಸೆಯಿದೆ, ಆದರೆ ಅದು ಸುಳ್ಳು. ಬ್ರಾಂಚಿನಿಂದ ಫೋನ್ ಬಂತು, 'ಸಂಜೆ ಹೇಳ್ತೇನೆ' ಎಂದು ಕಾರು ತೆಗೆದುಕೊಂಡು ಬಂದೆ. ಆ ಸಂಜೆ ಪಾರ್ಕಿಂಗಿನಲ್ಲಿ ನಮ್ಮ ಬಿ ವಿಂಗ್‌ನ ಕಾಕಾ ಸಿಕ್ಕರು. ರೈಲ್ವೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ರಿಟೈರ್ ಆದವರು. ವಿಷಯ ಹೇಳಿದೆ. 'ಬಾನೆಟ್ ತೆಗೀರಿ ಸಾಹೇಬ್, ಬೈಕೊಂಡ್ರೆ ಕಾರು ರಿಪೇರಿ ಆಗೋದಿಲ್ಲ' ಅಂದರು ಮರಾಠಿಯಲ್ಲಿ. ಮನೆಯಿಂದ ಹಳದಿ ಬಣ್ಣದ ಒಂದು ಹಳೇ ಮಲ್ಟಿಮೀಟರ್ ತಂದರು.

ಎಂಜಿನ್ ಶುರುಮಾಡಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿಸಿದರು. ಬ್ಯಾಟರಿಯ ಪ್ಲಸ್ ಮತ್ತು ಮೈನಸ್ ಮೇಲೆ ಕಡ್ಡಿ ಇಟ್ಟರು. 13.1. ಸರ್ವಿಸ್ ಸೆಂಟರಿನವರು ಹೇಳಿದ್ದು ಸುಳ್ಳಲ್ಲ! ಆಮೇಲೆ ಕಾಕಾ ಅವರು ಅಳೆಯದೇ ಬಿಟ್ಟದ್ದನ್ನು ಅಳೆದರು. ಆಲ್ಟರ್ನೇಟರಿನ ಹಿಂದಿನ ದಪ್ಪ ಬೋಲ್ಟಿಗೂ ಆಲ್ಟರ್ನೇಟರಿನದ್ದೇ ಮೈಗೂ ಕಡ್ಡಿ ಇಟ್ಟರು. 14.3. ಅಂದರೆ ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಹಾಗಾದರೆ 1.2 ವೋಲ್ಟ್ ದಾರಿಯಲ್ಲಿ ಎಲ್ಲಿ ಹೋಯಿತು? ಪ್ಲಸ್ ದಾರಿಯಲ್ಲಿ, ಅಂದರೆ ಆಲ್ಟರ್ನೇಟರ್ ಬೋಲ್ಟಿನಿಂದ ಬ್ಯಾಟರಿ ಪ್ಲಸ್‌ವರೆಗೆ ಅಳೆದರೆ 0.1. ಮೈನಸ್ ದಾರಿಯಲ್ಲಿ, ಎಂಜಿನ್ನಿನ ಕಬ್ಬಿಣದಿಂದ ಬ್ಯಾಟರಿ ಮೈನಸ್‌ವರೆಗೆ ಅಳೆದರೆ 1.1!

ಕೂಡಿಸಿ. 0.1 ಮತ್ತು 1.1, ಒಟ್ಟು 1.2. ಬ್ಯಾಟರಿಯಲ್ಲಿ 13.1. ಎಲ್ಲ ಸೇರಿ 14.3. ಟ್ಯಾಲಿ! ಬಿ.ಕಾಂ. ಓದಿದವನಿಗೆ ರೋಮಾಂಚನವಾಗಲು ಇದಕ್ಕಿಂತ ಹೆಚ್ಚೇನು ಬೇಕು ಹೇಳಿ? ಕಿರ್ಕಾಫ್ ಎಂಬ ಜರ್ಮನ್ ಹುಡುಗ ವಿದ್ಯಾರ್ಥಿಯಾಗಿದ್ದಾಗಲೇ, 1845ರಲ್ಲಿ ಹೇಳಿದ ನಿಯಮವಂತೆ ಇದು. ಸರ್ಕ್ಯೂಟಿನ ಒಂದು ಸುತ್ತು ಹಾಕಿ ಬಂದರೆ ವೋಲ್ಟೇಜಿನ ಜಮೆ ಖರ್ಚು ಸರಿಹೊಂದಲೇಬೇಕು. ಅಂದರೆ ನಮ್ಮ ಟ್ರಯಲ್ ಬ್ಯಾಲೆನ್ಸ್. ನಾನು ಮೂವತ್ತು ವರ್ಷ ಮಾಡಿದ ಕೆಲಸವನ್ನೇ ಕಾಕಾ ಎರಡು ಕಡ್ಡಿ ಹಿಡಿದು ಮಾಡಿದರು.

ಎಂಜಿನ್ನಿನಿಂದ ಮೈನಸ್‌ಗೆ ಹೋಗುವ ಹೆಣೆದ ತಾಮ್ರದ ಪಟ್ಟಿ, ಅರ್ಥ್ ಸ್ಟ್ರಾಪ್ ಅನ್ನುತ್ತಾರೆ, ಬೋಲ್ಟಿನ ಕೆಳಗೆ ಹಸಿರು ಕಿಲುಬು ಹಿಡಿದು ಅರ್ಧ ಎಳೆಗಳು ತುಂಡಾಗಿದ್ದವು. ಸೆಲ್ಫ್ ಮೋಟಾರ್ ಹೊಡೆಯುವಾಗ ನೂರಾರು ಆಂಪಿಯರ್ ಈ ದಾರಿಯಲ್ಲೇ ವಾಪಸ್ ಬರಬೇಕು. ಮಳೆಗಾಲದ ತೇವಕ್ಕೆ ಕಿಲುಬು ಇನ್ನಷ್ಟು ಹೆಚ್ಚಿ ಆ ರಾತ್ರಿ ದಾರಿ ಪೂರ್ತಿ ಕಟ್ಟಿಕೊಂಡಿತ್ತು. ಡ್ಯಾಶ್‌ಬೋರ್ಡಿನ ದೀಪಗಳು ಬಾಡಿ ಅರ್ಥಿನ ಬೇರೆ ವಯರಿನಿಂದ ವಾಪಸ್ ಹೋಗುವುದರಿಂದ ಚೆನ್ನಾಗಿಯೇ ಉರಿಯುತ್ತಿದ್ದವು. ಬ್ಯಾಟರಿ ಸತ್ತಿದ್ದರೆ 'ಟಕ್' ಅನ್ನುವಾಗ ದೀಪಗಳೂ ಮಂಕಾಗಬೇಕಿತ್ತು. ಆ ಸುಳಿವು ಆ ರಾತ್ರಿ ನನ್ನ ಕಣ್ಣೆದುರೇ ಇತ್ತು. ಓದಲು ಬರಲಿಲ್ಲ ಅಷ್ಟೇ.

ಹೊಸ ಸ್ಟ್ರಾಪಿಗೆ 250 ರೂಪಾಯಿ. ಬೋಲ್ಟ್ ಕೂರುವ ಜಾಗವನ್ನು ಪಾಲಿಶ್ ಪೇಪರಿನಿಂದ ಉಜ್ಜಿ ಬಿಗಿ ಮಾಡಿದ್ದು ಅರ್ಧ ಗಂಟೆಯ ಕೆಲಸ. ಮತ್ತೆ ಅಳೆದರೆ ಮೈನಸ್ ದಾರಿಯಲ್ಲಿ 0.05, ಬ್ಯಾಟರಿಯಲ್ಲಿ 14.1. ಕಾಕಾ ದುಡ್ಡು ಮುಟ್ಟಲಿಲ್ಲ. 'ಚಹಾ ಕುಡಿಸಿ' ಅಂದರು.

ಈಗ ಜಗಳಕ್ಕೆ ಬರೋಣ.

ನನ್ನ ಟೇಬಲ್ಲಿಗೆ ಐದು ಸಾವಿರದ ಚೆಕ್ ಬಂದರೆ ಸಹಿ ನೋಡುತ್ತೇನೆ, ತಾರೀಖು ನೋಡುತ್ತೇನೆ, ಅಕ್ಷರದಲ್ಲೂ ಅಂಕಿಯಲ್ಲೂ ಮೊತ್ತ ಒಂದೇ ಇದೆಯೇ ನೋಡುತ್ತೇನೆ. ಅದು ಬೇರೆಯವರ ದುಡ್ಡು. ನನ್ನ ಸ್ವಂತ 16,800ಕ್ಕೆ ಒಂದು ಅಂಕಿ ಕೇಳಿ ಸುಮ್ಮನಾಗುವವನಿದ್ದೆ. 13.1 ಎಂಬ ಅಂಕಿ ಸತ್ಯವೇ. ಆದರೆ ಒಂದು ಅಂಕಿಯಿಂದ ಯಾವ ಲೆಕ್ಕವೂ ಟ್ಯಾಲಿ ಆಗುವುದಿಲ್ಲ. ಆ ಹುಡುಗ ಕಳ್ಳ ಅಂತ ನಾನು ಹೇಳುತ್ತಿಲ್ಲ. ಅವನಿಗೆ ದಿನಕ್ಕೆ ಇಷ್ಟು ಕಾರು ಮುಗಿಸಬೇಕೆಂಬ ಒತ್ತಡ ಇದೆ, ಪಾರ್ಟು ಬದಲಿಸಿದರೆ ಬಿಲ್ ಆಗುತ್ತದೆ, ಹುಡುಕುತ್ತ ಕೂತರೆ ಬಿಲ್ ಆಗುವುದಿಲ್ಲ. ಲೆಕ್ಕ ಕೂಡದಿದ್ದಾಗ ಸೋಮಾರಿ ಗುಮಾಸ್ತ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ತಳ್ಳಿ ಮನೆಗೆ ಹೋಗುತ್ತಾನಲ್ಲ, ಇದೂ ಹಾಗೆಯೇ. ಮೊದಲು ಬ್ಯಾಟರಿ ಬದಲಿಸು, ಹೋಗಲಿಲ್ಲವಾ, ಆಲ್ಟರ್ನೇಟರ್ ಬದಲಿಸು, ಅದೂ ಆಗಲಿಲ್ಲವಾ, ಸೆಲ್ಫ್ ಬದಲಿಸು... ಆಡಿಟ್ ಮಾಡಬೇಕಾದ ಯಜಮಾನ ಎಸಿ ಕೋಣೆಯಲ್ಲಿ ಪುಕ್ಕಟೆ ಕಾಫಿ ಕುಡಿಯುತ್ತ ಕೂತಿದ್ದರೆ ಹೀಗೆ ಆಗದೆ ಇನ್ನೇನು?

ನಮ್ಮ ಕನ್ನಡ ಸಂಘದಲ್ಲಿ ಈ ಕಥೆ ಹೇಳಿದೆ. ಬಂದ ಉತ್ತರಗಳು ಮೂರು ತರದವು. ಒಂದೊಂದಕ್ಕೇ ಉತ್ತರ ಕೊಡುತ್ತೇನೆ.

ಮೊದಲನೆಯದು, 'ನಮಗ್ಯಾಕ್ರೀ ಆ ಉಸಾಬರಿ, ಅದಕ್ಕಂತ ಜನ ಇದ್ದಾರಲ್ಲ.' ಈ ಮಾತಿನ ಒಳಗೆ ಏನಿದೆ ಅಂತ ನನಗೆ ಗೊತ್ತು, ಯಾಕೆಂದರೆ ನನ್ನೊಳಗೂ ಅದೇ ಇತ್ತು. ಕೈಗೆ ಮಸಿ ಹತ್ತುವ ಕೆಲಸ ಓದಿದವರದ್ದಲ್ಲ ಎಂಬ ಜಂಬ. ಪುತ್ತೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ನಮ್ಮಪ್ಪ ಏಳನೇ ಕ್ಲಾಸು ಓದಿದವರು. ಅಡಕೆ ತೋಟದ ಪಂಪು ನಿಂತರೆ ಲೈನ್‌ಮ್ಯಾನ್ ಬರುವವರೆಗೆ ಕಾಯುತ್ತಿರಲಿಲ್ಲ. ಹೋಲ್ಡರಿಗೆ ಎರಡು ವಯರು ಕಟ್ಟಿದ ಬಲ್ಬೊಂದಿತ್ತು, ಅದನ್ನು ಹಿಡಿದು ಮೂರು ಫೇಸಿನಲ್ಲಿ ಯಾವುದು ಹೋಗಿದೆ ಅಂತ ನೋಡುತ್ತಿದ್ದರು. ನಮ್ಮನ್ನು ಓದಿಸಿದ್ದು ಆ ಪಂಪಿನ ನೀರು. ನಾವು ಓದಿ ಮುಂಬೈಗೆ ಬಂದು ಕಲಿತದ್ದೇನು? ಬಲ್ಬ್ ಬದಲಿಸಲೂ ಆ್ಯಪ್‌ನಲ್ಲಿ ಹುಡುಗನನ್ನು ಕರೆಸುವುದು. ಅಪ್ಪ ಮಾಡುತ್ತಿದ್ದದ್ದು 440 ವೋಲ್ಟಿನ ಆಟ, ಅದನ್ನು ನೀವು ಮಾಡಬೇಡಿ. ಕಾರಿನದು ಬರೀ 12 ವೋಲ್ಟ್, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಅದಕ್ಕೂ ನಮಗೆ ಹೆದರಿಕೆ!

ಎರಡನೆಯದು, 'ಈಗಿನ ಕಾರು ಅಂದ್ರೆ ಪೂರ್ತಿ ಕಂಪ್ಯೂಟರ್, ಮುಟ್ಟಬಾರದು.' ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧಕ್ಕೆ ಆಮೇಲೆ ಬರುತ್ತೇನೆ. ಉಳಿದ ಅರ್ಧ ಹೆದರಿಸುವ ಮಾತು. ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿದರೆ ಪಿ0562 ಎಂಬ ಕೋಡ್ ಬರಬಹುದು, ಅಂದರೆ 'ಸಿಸ್ಟಂ ವೋಲ್ಟೇಜ್ ಕಡಿಮೆ'. ಯಾಕೆ ಕಡಿಮೆ? ಅದು ಹೇಳುವುದಿಲ್ಲ. ಕಿಲುಬು ಹಿಡಿದ ಬೋಲ್ಟನ್ನು ಯಾವ ಕಂಪ್ಯೂಟರೂ ಮೂಸಿ ನೋಡುವುದಿಲ್ಲ. ಕಂಪ್ಯೂಟರ್ ಜಾಸ್ತಿ ಇದ್ದಷ್ಟೂ ಒಳ್ಳೆಯ ಅರ್ಥ್, ಸರಿಯಾದ ವೋಲ್ಟೇಜ್ ಜಾಸ್ತಿಯೇ ಬೇಕು.

ಮುಟ್ಟಬಾರದು ಎನ್ನುವುದರ ಹಿಂದೆ ವ್ಯಾಪಾರವೂ ಇದೆ ಎಂಬುದು ನನ್ನ ಒಬ್ಬನ ಅನುಮಾನ ಅಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಕಾರಣ, ಬಿಡಿಭಾಗಗಳನ್ನೂ ಪರೀಕ್ಷಿಸುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದು. ಅದರ ಮೇಲೆ ಅಪೀಲು, ಕೋರ್ಟು ಎಲ್ಲ ನಡೆಯಿತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 'ರಿಪೇರಿ ಮಾಡುವ ಹಕ್ಕಿ'ಗೆ ಒಂದು ಸಮಿತಿ ಮಾಡಿ, ಆ ಪಟ್ಟಿಯಲ್ಲಿ ವಾಹನಗಳನ್ನೂ ಸೇರಿಸಿತು. ಒಳ್ಳೆಯದೇ. ಆದರೆ ನಿಮ್ಮದೇ ಬ್ಯಾಟರಿಯ ವೋಲ್ಟೇಜ್ ನೋಡಲು ದೆಹಲಿಯ ಯಾವ ಸಮಿತಿಯ ಅಪ್ಪಣೆಯೂ ಬೇಕಿಲ್ಲವಲ್ಲ!

ಮೂರನೆಯದು, 'ನಾನೇ ಎಲ್ಲ ಮಾಡ್ಕೊಳ್ತೇನೆ, ವಿಡಿಯೋ ನೋಡಿದ್ರೆ ಆಯ್ತು' ಅನ್ನುವ ಉತ್ಸಾಹಿಗಳದ್ದು. ಇವರು ನನ್ನ ಪಕ್ಷದವರೆಂದು ತಿಳಿಯಬೇಡಿ. ನಿಜ ಹೇಳಬೇಕೆಂದರೆ ಇವರ ಮೇಲೆ ನನಗೆ ಜಾಸ್ತಿ ಸಿಟ್ಟು, ಯಾಕೆಂದರೆ ಒಂದು ಕಾಲದಲ್ಲಿ ನಾನೂ ಇವರಲ್ಲೇ ಒಬ್ಬ.

2009ರಲ್ಲಿ ಊರಿಗೆ ರಾತ್ರಿ ಹೋಗುವಾಗ ಬೆಳಕು ಸಾಲದೆಂದು ಆಕ್ಸೆಸರಿ ಅಂಗಡಿಯೊಂದರಲ್ಲಿ 100/90 ವ್ಯಾಟಿನ ಬಲ್ಬು ಹಾಕಿಸಿದೆ. ಕಂಪನಿಯದ್ದು 60/55. ಫ್ಯೂಸ್ ಸುಟ್ಟಿತು. ಅಂಗಡಿಯವನು ನೀಲಿ ಫ್ಯೂಸ್ ಕಿತ್ತು ಹಸಿರು ಫ್ಯೂಸ್ ಹಾಕಿದ. ನೀಲಿ ಅಂದರೆ 15 ಆಂಪಿಯರ್, ಹಸಿರು ಅಂದರೆ 30. 'ಇನ್ನು ಸುಡೋದಿಲ್ಲ' ಅಂದ. ನಿಜವೇ, ಫ್ಯೂಸ್ ಸುಡಲಿಲ್ಲ. ಕಶೇಡಿ ಘಾಟಿನ ತಿರುವಿನಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿನಿಂದ ಹೊಗೆ ಬಂತು, ಎರಡೂ ಹೆಡ್‌ಲೈಟ್ ಒಟ್ಟಿಗೆ ಆರಿದವು. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದರು. ಪಾರ್ಕಿಂಗ್ ದೀಪ ಹಾಕಿಕೊಂಡು ಒಂದು ಲಾರಿಯ ಹಿಂದೆ ಇಳಿದೆ.

ಲೆಕ್ಕ ನೋಡಿ, ಮೂರನೇ ಕ್ಲಾಸಿನ ಭಾಗಾಕಾರ ಸಾಕು. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. ಎರಡು 60 ವ್ಯಾಟ್, ಅಂದರೆ 120. ಅದನ್ನು 12ರಿಂದ ಭಾಗಿಸಿದರೆ 10 ಆಂಪಿಯರ್. ಎರಡು 100 ವ್ಯಾಟ್, ಅಂದರೆ 200. ಭಾಗಿಸಿದರೆ 16.7 ಆಂಪಿಯರ್. ವಯರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಅದೇ ವಯರು, ಅದೇ ಸ್ವಿಚ್ಚು ಈಗ ಎರಡೂ ಮುಕ್ಕಾಲು ಪಟ್ಟು ಬಿಸಿ ತಡೆಯಬೇಕು. ಫ್ಯೂಸ್ ಇರುವುದು ಬಲ್ಬನ್ನು ಕಾಯಲಿಕ್ಕೆ ಅಲ್ಲ, ವಯರನ್ನು ಕಾಯಲಿಕ್ಕೆ. ಕಾವಲುಗಾರ ಬೊಬ್ಬೆ ಹೊಡೆದ ಅಂತ ಅವನನ್ನು ತೆಗೆದು ಕಿವುಡನನ್ನು ನಿಲ್ಲಿಸಿದ ಹಾಗಾಯಿತು ನಾನು ಮಾಡಿದ್ದು.

ಏನಾದರೂ ಹೆಚ್ಚಿನ ದೀಪ, ಹಾರ್ನ್ ಹಾಕಲೇಬೇಕಾದರೆ ರಿಲೇ ಬೇಕು. ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇನೆ. ಮ್ಯಾನೇಜರ್ ಸಹಿ ಹಾಕುತ್ತಾನೆ, ಆದರೆ ಹಣದ ಪೆಟ್ಟಿಗೆ ಅವನ ಕೈಯಿಂದ ಹಾಯುವುದಿಲ್ಲ, ಸ್ಟ್ರಾಂಗ್ ರೂಮಿನಿಂದ ಕ್ಯಾಷಿಯರಿಗೆ ನೇರ ಹೋಗುತ್ತದೆ. ಸ್ವಿಚ್ಚು ಮ್ಯಾನೇಜರ್, ರಿಲೇ ಕ್ಯಾಷಿಯರ್. ರಿಲೇಯ ಕಾಲುಗಳ ಮೇಲೆ ನಂಬರ್ ಇರುತ್ತವೆ. 85 ಮತ್ತು 86 ಸುರುಳಿಗೆ, ಅಂದರೆ ಸ್ವಿಚ್ಚಿನ ಕಡೆಗೆ. 30 ಬ್ಯಾಟರಿ ಕಡೆಗೆ. 87 ದೀಪದ ಕಡೆಗೆ. ಬ್ಯಾಟರಿಯಿಂದ ಹೊರಟ ವಯರಿಗೆ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ಅದು ದೀಪದ ಹತ್ತಿರ ಇದ್ದರೆ, ನಡುವಿನ ವಯರು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದಾಗ ಕಾಯುವವರೇ ಇರುವುದಿಲ್ಲ. ವಯರನ್ನು ಹಲ್ಲಿನಿಂದ ಸುಲಿದು ತಿರುಚಿ ಮೇಲೆ ಟೇಪು ಸುತ್ತುವ ಜಾಯಿಂಟ್ ನಮ್ಮ ಮಳೆಗೆ ಒಂದು ವರ್ಷವೂ ಬಾಳುವುದಿಲ್ಲ. ವಾರಂಟಿ ಇರುವ ಕಾರಿನ ವಯರು ಕತ್ತರಿಸಿದರಂತೂ ನಾಳೆ ಏನೇ ಆದರೂ ಕಂಪನಿಯವರು ಮೊದಲು ತೋರಿಸುವುದು ಆ ಟೇಪನ್ನೇ. ಬೆಂಕಿ ಬಿದ್ದರೆ ಇನ್ಶೂರೆನ್ಸಿನವರೂ ಅದನ್ನೇ ಹುಡುಕುತ್ತಾರೆ.

ಹಾಗಾಗಿ ನನ್ನ ವಾದ ಇಷ್ಟೇ. ಅಳೆಯುವುದು ಬೇರೆ, ಕತ್ತರಿಸುವುದು ಬೇರೆ. ಅಳೆಯಲು ಕಾರು ಇಟ್ಟುಕೊಂಡ ಪ್ರತಿಯೊಬ್ಬರಿಗೂ ಬರಬೇಕು. ಕತ್ತರಿಸಲು ಕಲಿತವರಿಗೆ ಮಾತ್ರ ಬಿಡಬೇಕು. ನಾವು ಮಾಡುತ್ತಿರುವುದು ಇದರ ಉಲ್ಟಾ. ಅಳೆಯಲು ಹೆದರುತ್ತೇವೆ, ಕತ್ತರಿಸಲು ಯಾರ ಕೈಗೆ ಬೇಕಾದರೂ ಕೊಡುತ್ತೇವೆ.

ಹಾಗಾದರೆ ಏನೇನು ಅಳೆಯಬೇಕು? ಹೆಚ್ಚಿಲ್ಲ. ಲ್ಯಾಮಿಂಗ್ಟನ್ ರೋಡಿನಲ್ಲಿ ನಾಲ್ಕೈದು ನೂರು ರೂಪಾಯಿಗೆ ಸಾಧಾರಣ ಮಲ್ಟಿಮೀಟರ್ ಸಿಗುತ್ತದೆ. ಅಂದ ಹಾಗೆ, ಇದರ ಮುತ್ತಾತನನ್ನು ಕಂಡುಹಿಡಿದವನು ಇಂಗ್ಲೆಂಡಿನ ಅಂಚೆ ಇಲಾಖೆಯ ಎಂಜಿನಿಯರ್ ಮ್ಯಾಕಡಿ. ಆಂಪಿಯರಿಗೊಂದು, ವೋಲ್ಟಿಗೊಂದು, ಓಮಿಗೊಂದು ಅಂತ ಬೇರೆ ಬೇರೆ ಮೀಟರ್ ಹೊತ್ತು ತಿರುಗಿ ಬೇಸತ್ತು ಮೂರನ್ನೂ ಒಂದೇ ಡಬ್ಬಿಗೆ ಹಾಕಿದನಂತೆ. 1923ರಲ್ಲಿ ಅದು ಮಾರುಕಟ್ಟೆಗೆ ಬಂತು. ಸರಕಾರಿ ನೌಕರನೊಬ್ಬನ ಬೇಸರದಿಂದ ಜಗತ್ತಿಗೆ ಉಪಕಾರವಾದ ಅಪರೂಪದ ಉದಾಹರಣೆ!

ಕಪ್ಪು ವಯರು 'ಕಾಮ್' ತೂತಿಗೆ, ಕೆಂಪು ವಯರು 'ವಿ' ತೂತಿಗೆ, ತಿರುಗಣೆ ಡಿಸಿ 20 ವೋಲ್ಟಿಗೆ. ಕಾರು ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಬ್ಯಾಟರಿ ಮೇಲೆ ಕಡ್ಡಿ ಇಡಿ. 12.6ರ ಸುತ್ತಮುತ್ತ ಬಂದರೆ ತುಂಬಿದೆ. 12.4 ಮುಕ್ಕಾಲು, 12.2 ಅರ್ಧ, 12ಕ್ಕಿಂತ ಕೆಳಗೆ ಹೋದರೆ ಕಾಲು ಭಾಗವೂ ಇಲ್ಲ. ಇದು ಒಂದನೇ ಅಂಕಿ.

ಎರಡನೆಯದು, ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡುವುದು. ವೋಲ್ಟೇಜ್ 9.6ಕ್ಕಿಂತ ಕೆಳಗೆ ಬೀಳಬಾರದು. ತುಂಬಿದ ಬ್ಯಾಟರಿಯೂ ಬಿದ್ದರೆ ಬ್ಯಾಟರಿ ಮುದಿಯಾಗಿದೆ. ಬೀಳದೆಯೂ ಎಂಜಿನ್ ನಿಧಾನವಾಗಿ ತಿರುಗಿದರೆ ದೋಷ ದಾರಿಯಲ್ಲಿದೆ, ಅಥವಾ ಸೆಲ್ಫ್ ಮೋಟಾರಿನಲ್ಲಿದೆ.

ಮೂರನೆಯದು, ಎಂಜಿನ್ ಓಡುವಾಗ, ಹೆಡ್‌ಲೈಟ್ ಹಾಕಿಕೊಂಡು ನೋಡಿದರೆ ಸಾಮಾನ್ಯವಾಗಿ 13.8ರಿಂದ 14.5. ಹೊಸ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗನ್ನು ಏರಿಳಿಸುತ್ತದೆ, ಅಲ್ಲಿ ಒಂದೇ ಅಂಕಿ ನೋಡಿ ಗಾಬರಿಯಾಗಬೇಡಿ.

ನಾಲ್ಕನೆಯದೇ ನಮ್ಮ ಕಾಕಾ ಮಾಡಿದ ಪರೀಕ್ಷೆ. ಬ್ಯಾಟರಿ ಮೈನಸ್ ಗೂಟದ ಮೇಲೆ ಒಂದು ಕಡ್ಡಿ, ಎಂಜಿನ್ನಿನ ಬಣ್ಣವಿಲ್ಲದ ಲೋಹದ ಮೇಲೆ ಇನ್ನೊಂದು. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಮಾಮೂಲಿ ಓಟದಲ್ಲಿ ಒಂದೆರಡು ದಶಾಂಶದ ಒಳಗೆ. ಇದಕ್ಕೆ ಒಂದು ನಿಮಿಷ ಹಿಡಿಯುತ್ತದೆ. ಆ ಒಂದು ನಿಮಿಷ ಯಾರಾದರೂ ಜೂನ್‌ನಲ್ಲೇ ಕೊಟ್ಟಿದ್ದರೆ ಅಮ್ಮ ಮಳೆಯಲ್ಲಿ ಪಾರ್ಕಿಂಗಿನಲ್ಲಿ ಕೂರಬೇಕಿರಲಿಲ್ಲ. ಬ್ಯಾಟರಿಯ ಆ 5,200 ಉಳಿಯುತ್ತಿತ್ತೇ? ಹೇಳಲಾರೆ, ಹಳೆಯದನ್ನು ಅವರೂ ಅಳೆಯಲಿಲ್ಲ, ನಾನೂ ಅಳೆಯಲಿಲ್ಲ.

ಐದನೆಯದು ನಮ್ಮಂಥ ಮುಂಬೈಕರರಿಗೆ ವಿಶೇಷ. ವಾರದ ಆರು ದಿನ ನಾವು ಲೋಕಲ್ ರೈಲಿನಲ್ಲಿ ನೇತಾಡುತ್ತೇವೆ, ಕಾರು ಕೆಳಗೆ ನಿದ್ದೆ ಮಾಡುತ್ತದೆ. ನಿದ್ದೆಯಲ್ಲೂ ಅದು ಸ್ವಲ್ಪ ಕರೆಂಟು ತಿನ್ನುತ್ತದೆ, ಗಡಿಯಾರ, ಅಲಾರಂ ಇತ್ಯಾದಿಗೆ. 20ರಿಂದ 50 ಮಿಲಿ ಆಂಪಿಯರ್ ಸಹಜ. ನನ್ನ ಬ್ಯಾಟರಿ 35 ಆಂಪಿಯರ್ ಅವರ್. 30 ಮಿಲಿ ಆಂಪಿಯರ್ ಅಂದರೆ ದಿನಕ್ಕೆ 0.72, ಸೊನ್ನೆಯಾಗಲು ಲೆಕ್ಕಕ್ಕೆ 48 ದಿನ. ಆದರೆ ಡಿಕ್ಕಿಯ 5 ವ್ಯಾಟಿನ ದೀಪ ಆರದೆ ಉಳಿದರೆ ದಿನಕ್ಕೆ 10, ಮೂರೂವರೆ ದಿನಕ್ಕೆ ಖಾತೆ ಖಾಲಿ. ಮಿನಿಮಮ್ ಬ್ಯಾಲೆನ್ಸ್ ಅದಕ್ಕೂ ಮೊದಲೇ ಮುಗಿದಿರುತ್ತದೆ. ಸ್ನೇಹಿತರೊಬ್ಬರು ಎರಡು ವರ್ಷದಲ್ಲಿ ಎರಡು ಬ್ಯಾಟರಿ ಬದಲಿಸಿದರು, ಕೊನೆಗೆ ಸಿಕ್ಕಿದ್ದು ಈ ದೀಪದ ಸ್ವಿಚ್ಚು.

ಇದನ್ನು ಅಳೆಯುವಾಗ ಎಚ್ಚರ ಬೇಕು. ಮೈನಸ್ ಕ್ಲಾಂಪ್ ಬಿಚ್ಚಿ, ಕೆಂಪು ವಯರನ್ನು 10 ಆಂಪಿಯರ್ ತೂತಿಗೆ ಹಾಕಿ, ಮೀಟರನ್ನು ಗೂಟ ಮತ್ತು ಕ್ಲಾಂಪಿನ ನಡುವೆ ಸೇರಿಸಬೇಕು. ಬಾಗಿಲುಗಳನ್ನೆಲ್ಲ ಹಾಕಿ ಅರ್ಧ, ಒಂದು ಗಂಟೆ ಕಾಯಬೇಕು, ಕಾರಿನೊಳಗಿನ ಕಂಪ್ಯೂಟರುಗಳು ಮಲಗಲು ಅಷ್ಟು ಹೊತ್ತು ಬೇಕು. ಆ ಹೊತ್ತಿನಲ್ಲಿ ಕೀಲಿ ತಿರುಗಿಸಬೇಡಿ. ಮುಗಿದ ಕೂಡಲೇ ಕೆಂಪು ವಯರನ್ನು ವಾಪಸ್ 'ವಿ' ತೂತಿಗೆ ಹಾಕಿ. ನಾನು ಮರೆತು ಅದೇ ತೂತಿನಲ್ಲಿಟ್ಟುಕೊಂಡು ಬ್ಯಾಟರಿಗೆ ಕಡ್ಡಿ ಮುಟ್ಟಿಸಿ, ಕಿಡಿ ಹಾರಿ, ಮೀಟರಿನ ಫ್ಯೂಸ್ ಸುಟ್ಟುಕೊಂಡೆ. ಕಾಕಾ ನಕ್ಕು ನಕ್ಕು ಸುಸ್ತಾದರು.

ಇನ್ನು ಆ ಅರ್ಧ ಸತ್ಯಕ್ಕೆ ಬರುತ್ತೇನೆ. ಮುಟ್ಟಲೇಬಾರದ್ದು ಕೆಲವಿವೆ. ಹಳದಿ ಕನೆಕ್ಟರ್ ಏರ್‌ಬ್ಯಾಗಿನದು, ಅದಕ್ಕೆ ಮೀಟರ್ ಕಡ್ಡಿಯನ್ನಾಗಲಿ ಟೆಸ್ಟ್ ಲ್ಯಾಂಪನ್ನಾಗಲಿ ಹತ್ತಿರ ತರಬೇಡಿ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ನಲ್ಲಿ ಪ್ರಾಣ ತೆಗೆಯುವ ವೋಲ್ಟೇಜ್ ಇರುತ್ತದೆ, ಅದು ನಮ್ಮ ಕೆಲಸ ಅಲ್ಲವೇ ಅಲ್ಲ. ಹನ್ನೆರಡು ವೋಲ್ಟು ಶಾಕ್ ಹೊಡೆಯುವುದಿಲ್ಲ, ಆದರೆ ಸುಡುತ್ತದೆ. ಉಂಗುರ, ಕೈಗಡಿಯಾರ ಬಿಚ್ಚಿಡಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಯಾಕೆಂದರೆ ಕಾರಿನ ಇಡೀ ಮೈ ಮೈನಸ್. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಎಲ್ಲಾದರೂ ಬಾಡಿಗೆ ತಾಗಿದರೆ ನೇರ ಶಾರ್ಟ್. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹತ್ತಿರ ಬೀಡಿ ಸಿಗರೇಟು ಬೇಡ. ಗೂಟದ ಮೇಲೆ ಬೆಳ್ಳಗೆ ಹಸಿರಗೆ ಬೂಷ್ಟು ಕೂತಿದ್ದರೆ ಕ್ಲಾಂಪ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಈ ಒಂದು ಕೆಲಸದಿಂದಲೇ ಎಷ್ಟೋ 'ಬ್ಯಾಟರಿ ಹೋಗಿದೆ'ಗಳು ಮಾಯವಾಗುತ್ತವೆ.

'ಎಲ್ಲರೂ ಹೀಗೆ ಮಾಡಿದರೆ ಮೆಕ್ಯಾನಿಕ್ ಹೊಟ್ಟೆಗೇನು?' ಎಂದು ಒಬ್ಬ ಹಿರಿಯರು ಕೇಳಿದರು. ನಾನು ಅವನ ಕೆಲಸ ಕಸಿಯಲು ಹೇಳುತ್ತಿಲ್ಲ. ಪಾಸ್‌ಬುಕ್ ಓದಲು ಬರುವ ಗ್ರಾಹಕನಿಂದ ಬ್ಯಾಂಕ್ ಮುಳುಗಿದ್ದು ಕೇಳಿದ್ದೀರಾ? ಒಳ್ಳೆಯ ಗುಮಾಸ್ತನಿಗೆ ಅಂಥ ಗ್ರಾಹಕ ಬಂದರೆ ಖುಷಿಯೇ. ನಮ್ಮ ಸ್ಟೇಷನ್ ಹತ್ತಿರದ ಪುಟ್ಟ ಗ್ಯಾರೇಜಿನವನ ಬಳಿ ಈಗ ನಾನು ಹೋಗಿ 'ಎಂಜಿನ್ ಅರ್ಥಿನಲ್ಲಿ ಇಷ್ಟು ಡ್ರಾಪ್ ಇದೆ, ನೋಡಪ್ಪ' ಎಂದರೆ ಅವನು ಬೇರೆ ಕೆಲಸ ಬಿಟ್ಟು ಬಂದು ನೋಡುತ್ತಾನೆ. ಕೂಲಿಯನ್ನು ನಾನು ಚೌಕಾಸಿ ಮಾಡುವುದಿಲ್ಲ. ಹುಡುಕುವುದಕ್ಕೆ ದುಡ್ಡು ಕೊಡಲು ನಾವು ಕಲಿತರೆ, ಬದಲಿಸಿ ದುಡ್ಡು ಮಾಡುವ ಗೋಜು ಅವರಿಗೂ ಇರುವುದಿಲ್ಲ. ಡಾಕ್ಟರಿಗೆ ಬರೀ ಪರೀಕ್ಷೆ ಮಾಡಿದ್ದಕ್ಕೂ ಫೀಸು ಕೊಡುತ್ತೇವಲ್ಲ, ಮೆಕ್ಯಾನಿಕ್‌ಗೆ ಯಾಕೆ ಕೊಡುವುದಿಲ್ಲ? ತಪ್ಪು ನಮ್ಮದೂ ಇದೆ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಈಗ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹಳೇ ಡೈರಿಯೊಂದರಲ್ಲಿ ಬರೆದಿಡುತ್ತೇನೆ. ತಾರೀಖು, ನಿಂತಾಗ ಇಷ್ಟು, ಸೆಲ್ಫ್ ಹೊಡೆಯುವಾಗ ಇಷ್ಟು, ಓಡುವಾಗ ಇಷ್ಟು, ಅರ್ಥ್ ಡ್ರಾಪ್ ಇಷ್ಟು. ಐದು ನಿಮಿಷದ ಕೆಲಸ. ಅಮ್ಮ ಮೇಲಿನಿಂದ ಕಿಟಕಿಯಲ್ಲಿ ನೋಡಿ 'ಭಾನುವಾರವೂ ಪಾಸ್‌ಬುಕ್ ಬರೀತಾ ಇದ್ದೀಯಾ?' ಎನ್ನುತ್ತಾಳೆ. ಹೌದಮ್ಮ, ಇದರಲ್ಲಿ ಬಡ್ಡಿ ಇಲ್ಲ, ಆದರೆ ರಾತ್ರಿ ಎರಡು ಗಂಟೆಗೆ ಬೇಕಾದಾಗ ಸಿಗುತ್ತದೆ.

ಚೌತಿಗೆ ಊರಿಗೆ ಹೊರಡುವವರು ಹೋಗುವ ಮುಂಚೆ ಟೈರಿಗೆ ಗಾಳಿ ನೋಡುತ್ತೀರಿ, ಗಣಪತಿಗೆ ಕಾಯಿ ಒಡೆಯುತ್ತೀರಿ. ಜೊತೆಗೆ ಈ ನಾಲ್ಕು ಅಂಕಿಗಳನ್ನೂ ಒಮ್ಮೆ ನೋಡಿ. ಯಾರಾದರೂ ಎಸ್ಟಿಮೇಟ್ ಮುಂದಿಟ್ಟು ಸಹಿ ಕೇಳಿದರೆ ಒಂದೇ ಪ್ರಶ್ನೆ ಕೇಳಿ. 'ಎಲ್ಲಿಂದ ಎಲ್ಲಿಗೆ ಅಳೆದಿರಿ, ಎಷ್ಟು ಬಂತು?' ಉತ್ತರ ಬಂದರೆ ಸಹಿ ಹಾಕಿ. ಬರದಿದ್ದರೆ ಪೆನ್ನು ಜೇಬಿನಲ್ಲೇ ಇರಲಿ.